ಡಾಂಬರು ಬಿಡದೆ ಕ್ರೂಗರ್: ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ವರೆಗೆ ಮೋಟಾರ್‌ಹೋಮ್‌ನಲ್ಲಿ 13 ದಿನ

ಐದು ಮೋಟಾರ್‌ಹೋಮ್, ಮುಂದೆ ಗೈಡ್‌ನ ಹತ್ತು ಸೀಟಿನ ವ್ಯಾನ್, ಆಗಸ್ಟ್ ತಿಂಗಳ ಒಣಹವೆ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಹೊರಟು ಕ್ರೂಗರ್ ರಾಷ್ಟ್ರೀಯ ಉದ್ಯಾನ, ಪಕ್ಕದ ಪುಟ್ಟ ದೇಶ ಎಸ್ವಾಟಿನಿ, ಕರಾವಳಿಯ ಸೇಂಟ್ ಲೂಸಿಯಾ ಊರು ಹಾದು ಡರ್ಬನ್‌ನಲ್ಲಿ ಮುಗಿಯುವ ಈ ದಾರಿ, ಅಕ್ಕಪಕ್ಕದ ಓಡಾಟವೂ ಸೇರಿದರೆ 1,600 ಕಿ.ಮೀ. ಆಸುಪಾಸು. ಕ್ಯಾಂಪ್‌ಗಳ ಒಳರಸ್ತೆ ಬಿಟ್ಟರೆ ಎಲ್ಲವೂ ಡಾಂಬರು. ನಮೀಬಿಯಾ ಬಿಟ್ಟು ಈ ದಾರಿ ಆರಿಸಲು ಅದೇ ಕಾರಣ. ಅಲ್ಲಿನ ಮುಖ್ಯ ಜಾಗಗಳಿಗೆ ಮಣ್ಣು ರಸ್ತೆಯಲ್ಲೇ ಹೋಗಬೇಕು, ಬಾಡಿಗೆ ಮೋಟಾರ್‌ಹೋಮ್‌ಗೆ ಮಣ್ಣು ರಸ್ತೆಯಲ್ಲಿ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ.

ಮೋಟಾರ್‌ಹೋಮ್ ಎಂದರೆ ಚಕ್ರ ಇರುವ ಮನೆ. ಪ್ರಾಣಿ ಹುಡುಕಲು ಬೇರೆ ಗಾಡಿ ಬೇಕು. ಎರಡೂ ಕೆಲಸವನ್ನು ಒಂದೇ ಗಾಡಿಯಿಂದ ಮಾಡಿಸಲು ಹೋದವರಿಗೆ ಕಾಡೂ ಸರಿಯಾಗಿ ಕಾಣುವುದಿಲ್ಲ, ಗಾಡಿಯೂ ಉಳಿಯುವುದಿಲ್ಲ.

ದಿನ 1: ಗಾಡಿ ಕೈಗೆ ಬರುವ ದಿನ

ಬೆಂಗಳೂರಿನಿಂದ ದುಬೈ, ದೋಹಾ ಇಲ್ಲವೇ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಬರಬೇಕು. ಗಡಿಯಾರ ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿದರೆ ಸಾಕು, ಆದರೂ ರಾತ್ರಿಯೆಲ್ಲ ಕೂತು ಬಂದವರು ಅದೇ ದಿನ ಸ್ಟೀರಿಂಗ್ ಹಿಡಿಯಬಾರದು. ಮೊದಲ ದಿನ ಗಾಡಿಯ ಪಾಠಕ್ಕೇ ಮೀಸಲು.

ನಾಲ್ಕು ಜನ ಮಲಗುವ ಡೀಸೆಲ್ ಗಾಡಿ, ಉದ್ದ ಸುಮಾರು 7 ಮೀಟರ್, ಎತ್ತರ 3 ಮೀಟರ್‌ಗಿಂತ ಹೆಚ್ಚು. ಒಟ್ಟು ತೂಕ 3,500 ಕಿಲೋ ಒಳಗಿದ್ದರೆ ಕಾರಿನ ಲೈಸೆನ್ಸ್ ಸಾಕು. ನಮ್ಮ ಲೈಸೆನ್ಸ್‌ನಲ್ಲಿ ಇಂಗ್ಲಿಷ್ ಇರುವುದರಿಂದ ನಡೆಯುತ್ತದೆ, ಆದರೂ ಆರ್‌ಟಿಓದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಬನ್ನಿ. ನಮ್ಮಂತೆ ಅಲ್ಲೂ ರಸ್ತೆಯ ಎಡಗಡೆಗೇ ಓಡಿಸುವುದು. ತಪ್ಪುವುದು ತಿರುವಿನಲ್ಲಿ: ಹಿಂಗಾಲಿಯ ಹಿಂದೆ ಗಾಡಿ ಉದ್ದಕ್ಕೆ ಚಾಚಿಕೊಂಡಿರುವುದರಿಂದ, ಬಲಕ್ಕೆ ತಿರುಗಿಸಿದರೆ ಹಿಂಬದಿಯ ಎಡಮೂಲೆ ಹೊರಕ್ಕೆ ಬೀಸುತ್ತದೆ. ಬಂಕ್‌ನ ಕಂಬಗಳಿಗೆ ತಾಗುವುದು ಈ ಮೂಲೆಯೇ.

ಕರಾರು ಓದುವಾಗ ವಿಮೆಗೆ ಒಳಪಡದ ಪಟ್ಟಿಯನ್ನು ಮೊದಲು ನೋಡಿ. ಟೈರ್, ಮುಂದಿನ ಗಾಜು, ಗಾಡಿಯ ತಳ, ಛಾವಣಿ, ಬದಿಗೆ ಬಿಡಿಸುವ ಬಟ್ಟೆ ಚಪ್ಪರ ಬಹುತೇಕ ಕಡೆ ಹೊರಗೇ ಇರುತ್ತವೆ. ಛಾವಣಿಯ ನಾಲ್ಕು ಅಂಚು, ಸ್ಟೆಪ್ನಿ, ಜಾಕ್ ಎಲ್ಲದರ ಫೋಟೋ ತೆಗೆಯಿರಿ. ಟೈರ್ ಗಾಳಿಯನ್ನು ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್ ನೋಡಿ, ಟೈರ್ ತಣ್ಣಗಿರುವಾಗಲೇ ಅಳೆಯಬೇಕು.

ಒಳಗಿನ ಲೆಕ್ಕ ಹೀಗೆ. ಮನೆಯ ಬ್ಯಾಟರಿ 12 ವೋಲ್ಟ್, 100 ಆಂಪಿಯರ್-ಅವರ್ ಎಂದುಕೊಳ್ಳಿ. ಸೀಸ-ಆಮ್ಲದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಕೈಯಲ್ಲಿರುವುದು 50. ಫ್ರಿಜ್ ಒಂದೇ ದಿನಕ್ಕೆ 40ರಷ್ಟು ತಿನ್ನುತ್ತದೆ. ಆದ್ದರಿಂದ ಕರೆಂಟ್ ಇಲ್ಲದ ಕ್ಯಾಂಪ್‌ನಲ್ಲಿ ಒಂದು ರಾತ್ರಿ ಸರಿ, ಎರಡು ರಾತ್ರಿ ಆಗದು. ಈ ಪ್ರವಾಸದಲ್ಲಿ ಅಂಥ ರಾತ್ರಿ ಒಂದೇ ಇದೆ, ಎಸ್ವಾಟಿನಿಯಲ್ಲಿ.

ಕ್ಯಾಂಪ್‌ನ ಕರೆಂಟ್ ಕಂಬದಲ್ಲಿರುವುದು 16 ಆಂಪಿಯರ್‌ನ ನೀಲಿ ಸಾಕೆಟ್, ಕೇಬಲ್ ಗಾಡಿಯಲ್ಲೇ ಇರುತ್ತದೆ. ಮೊದಲು ಗಾಡಿಗೆ ಸಿಕ್ಕಿಸಿ, ಆಮೇಲೆ ಕಂಬಕ್ಕೆ. ತೆಗೆಯುವಾಗ ಮೊದಲು ಕಂಬದಿಂದ. ಸುರುಳಿ ಪೂರ್ತಿ ಬಿಚ್ಚಿ ಹಾಸಬೇಕು, ಸುತ್ತಿದ ಕೇಬಲ್ ಬಿಸಿಯೇರಿ ಕರಗುತ್ತದೆ. ಕೆಟಲ್ ಮತ್ತು ಮೈಕ್ರೋವೇವ್ ಒಟ್ಟಿಗೆ ಹಾಕಿದರೆ ಟ್ರಿಪ್ ಆಗಬಹುದು. ಗೋಡೆಯ ಸಾಕೆಟ್ ಬಗ್ಗೆ ನಮಗೊಂದು ಅನುಕೂಲವಿದೆ: ಅಲ್ಲಿನ ದಪ್ಪ ಮೂರು ಗುಂಡು ಪಿನ್‌ನ ಪ್ಲಗ್, ನಮ್ಮಲ್ಲಿ ಗೀಸರ್‌ಗೆ ಬಳಸುವ ದೊಡ್ಡ ಪ್ಲಗ್ಗೇ. ಊರಿನಿಂದ ದೊಡ್ಡ ಪಿನ್‌ನ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದರೆ ಚಾರ್ಜರ್‌ಗಳೆಲ್ಲ ಅದರಲ್ಲೇ ಆಗುತ್ತವೆ.

ದಿನ 2: ಜೋಹಾನ್ಸ್‌ಬರ್ಗ್–ಗ್ರಾಸ್‌ಕಾಪ್, ಸುಮಾರು 380 ಕಿ.ಮೀ.

ಮೊದಲು ಸೂಪರ್‌ಮಾರ್ಕೆಟ್. ಅಕ್ಕಿ, ತೊಗರಿಬೇಳೆ, ಮೊಸರು, ತರಕಾರಿ ಎಲ್ಲ ಸಿಗುತ್ತದೆ. ಸಸ್ಯಾಹಾರಿಗಳು ಮೆಕ್ಕೆಜೋಳದ ಹಿಟ್ಟು ಮತ್ತು ಚಕಲಾಕಾ ಡಬ್ಬಿ ಕೊಳ್ಳಲಿ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತೊಳಸಿದರೆ ಅಲ್ಲಿನವರ ದಿನದೂಟವಾದ ‘ಪಾಪ್’. ಮುದ್ದೆ ತಿರುವಿದ ಕೈಗೆ ಹೊಸದೇನೂ ಅನಿಸದು. ಚಕಲಾಕಾ ಎಂದರೆ ಕ್ಯಾರೆಟ್, ಟೊಮ್ಯಾಟೊ, ಮೆಣಸಿನಕಾಯಿಯ ಖಾರದ ಗೊಜ್ಜು, ಹಲವು ಸಲ ಬೀನ್ಸ್ ಕಾಳೂ ಇರುತ್ತದೆ. ಪ್ರೆಷರ್ ಕುಕ್ಕರ್ ಚಿಕ್ಕದೊಂದನ್ನು ಊರಿನಿಂದಲೇ ತನ್ನಿ, ಗ್ಯಾಸ್ ಉಳಿಯುತ್ತದೆ.

ಎನ್4 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಿ, ಬೆಲ್‌ಫಾಸ್ಟ್‌ನಲ್ಲಿ ಉತ್ತರಕ್ಕೆ ತಿರುಗಿ ಡಲ್‌ಸ್ಟ್ರೂಮ್, ಲೈಡನ್‌ಬರ್ಗ್ ಮೇಲೆ ಲಾಂಗ್ ಟಾಮ್ ಘಾಟಿ. ಘಾಟಿಯ ನೆತ್ತಿ 2,100 ಮೀಟರ್ ದಾಟುತ್ತದೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಇಳಿಯುವಾಗ ಬ್ರೇಕ್ ಒತ್ತಿ ಹಿಡಿದರೆ ಬಿಸಿಯೇರಿ ಹಿಡಿತ ತಪ್ಪುತ್ತದೆ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್.

ಸಾಲಿನಲ್ಲಿ ಓಡಿಸುವುದೆಂದರೆ ಅಂಟಿಕೊಂಡು ಓಡಿಸುವುದೆಂದು ಕೆಲವರ ಎಣಿಕೆ. ಹಾಗೆ ಮಾಡಿದರೆ ಹಿಂದಿನಿಂದ ಬರುವ ಲಾರಿ ಐದು ಗಾಡಿಯನ್ನು ಒಂದೇ ಏಟಿಗೆ ದಾಟಬೇಕಾಗುತ್ತದೆ. ಎರಡು ಗಾಡಿಗಳ ನಡುವೆ ಇನ್ನೊಂದು ಬಂದು ಸೇರುವಷ್ಟು ಜಾಗ ಬಿಡಿ. ದಾರಿ ತಪ್ಪದಂತೆ ವಾಕಿಟಾಕಿ ಇದೆ, ಪ್ರತಿ ತಿರುವಿನಲ್ಲೂ ಗೈಡ್ ಕಾಯುತ್ತಾರೆ. ಹಿಂದಿನವರಿಗೆ ದಾರಿ ಕೊಡಲು ರಸ್ತೆಯ ಎಡ ಅಂಚಿನ ಹಳದಿ ಗೆರೆಯಾಚೆ ಸರಿಯುವುದು ಇಲ್ಲಿನ ರೂಢಿ. ಆದರೆ ತಿರುವಿನಲ್ಲಿ, ದಿಣ್ಣೆಯ ಮೇಲೆ ಸರಿಯಬೇಡಿ, ಅಂಚಿನಲ್ಲಿ ಜನ ನಡೆಯುತ್ತಿರುತ್ತಾರೆ. ಕತ್ತಲಾದ ಮೇಲೆ ರಸ್ತೆಯಲ್ಲಿ ದನಗಳಿರುತ್ತವೆ, ಗುಂಡಿ ಕಾಣುವುದಿಲ್ಲ. ಆಗಸ್ಟ್‌ನಲ್ಲಿ ಆರಕ್ಕೆ ಮೊದಲೇ ಕತ್ತಲು. ನಾಲ್ಕು ಗಂಟೆಗೆ ಕ್ಯಾಂಪ್‌ನಲ್ಲಿರುವಂತೆ ಹೊರಡಿ.

ದಿನ 3: ಬ್ಲೈಡ್ ಕಣಿವೆ

ಗಾಡಿಗಳು ಕ್ಯಾಂಪ್‌ನಲ್ಲೇ ನಿಲ್ಲುತ್ತವೆ, ಎಲ್ಲರೂ ವ್ಯಾನ್‌ನಲ್ಲಿ. ಗಾಡ್ಸ್ ವಿಂಡೋ ಎಂಬ ನೋಟದ ತಾಣಕ್ಕೆ ಬೆಳಿಗ್ಗೆ ಹಲವು ಸಲ ಮಂಜು ಕವಿದಿರುತ್ತದೆ, ಅದನ್ನು ಕೊನೆಗಿಟ್ಟುಕೊಳ್ಳಿ. ಮೊದಲು ಬೋರ್ಕ್ಸ್ ಲಕ್ ಪಾಟ್‌ಹೋಲ್ಸ್: ಟ್ರ್ಯೂರ್ ಮತ್ತು ಬ್ಲೈಡ್ ನದಿಗಳು ಕೂಡುವಲ್ಲಿ, ಸುಳಿಯಲ್ಲಿ ಸಿಕ್ಕ ಕಲ್ಲು ಮರಳು ಬಂಡೆಯನ್ನು ಕಡೆದು ಕಡೆದು ಒರಳಿನಂಥ ಗುಳಿಗಳಾಗಿವೆ. ಡಚ್ ಮಾತಿನಲ್ಲಿ ಟ್ರ್ಯೂರ್ ಎಂದರೆ ದುಃಖ, ಬ್ಲೈಡ್ ಎಂದರೆ ಸಂತೋಷ. ಅಲ್ಲಿಂದ ಥ್ರೀ ರಾಂಡಾವಲ್ಸ್, ಹುಲ್ಲಿನ ಗುಡಿಸಲಿನಂಥ ಮೂರು ಬೆಟ್ಟ. ಮಧ್ಯಾಹ್ನದ ಮೇಲೆ ಬಿಸಿಲು ಅವುಗಳ ಮುಖಕ್ಕೆ ಬೀಳುತ್ತದೆ.

ದಿನ 4: ಫಬೇನಿ ಗೇಟ್‌ನಿಂದ ಸ್ಕುಕುಜಾ ಕ್ಯಾಂಪ್

ಹೇಜಿವ್ಯೂನಲ್ಲಿ ಡೀಸೆಲ್, ನೀರು ತುಂಬಿಸಿಕೊಳ್ಳಿ. ಬಂಕ್‌ನಲ್ಲಿ ಗಂಧಕ ಕಡಿಮೆಯಿರುವ 50 ಪಿಪಿಎಂ ಡೀಸೆಲ್ ಎಂದೇ ಕೇಳಿ, 500ರದ್ದು ಹೊಸ ಎಂಜಿನ್‌ಗಳಿಗೆ ಹೊಂದುವುದಿಲ್ಲ. ಕ್ರೂಗರ್‌ನ ಗೇಟ್‌ನಲ್ಲಿ ಪಾಸ್‌ಪೋರ್ಟ್, ಬುಕಿಂಗ್ ಕಾಗದ, ತಲೆಗೆ ದಿನದ ಶುಲ್ಕ. ಶುಲ್ಕ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಏರುತ್ತದೆ. ಹಲವು ದಿನ ಇರುವವರು ವರ್ಷದ ಪ್ರವೇಶ ಪಾಸ್ ಆದ ವೈಲ್ಡ್ ಕಾರ್ಡ್ ಲಾಭವೋ ಎಂದು ಕೂಡಿ ನೋಡಬೇಕು.

ಈ ಕಾಡಿನ ಮೂಲ 1898ರಲ್ಲಿ ಘೋಷಿಸಿದ ಸಾಬಿ ಮೀಸಲು. 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ ಸುಮಾರು 19,500 ಚದರ ಕಿ.ಮೀ., ಉತ್ತರ ದಕ್ಷಿಣಕ್ಕೆ ಸುಮಾರು 360 ಕಿ.ಮೀ. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿಗೆಂದೇ ಇರುವ ವಾಹನ ಹತ್ತಿಯೇ ಸಫಾರಿಗೆ ಹೋಗಬೇಕು. ಇಲ್ಲಿ ಸ್ವಂತ ಗಾಡಿಯಲ್ಲಿ ಹೋಗಬಹುದು, ಹಾಗಾಗಿ ಶಿಸ್ತಿನ ಹೊಣೆಯೂ ನಿಮ್ಮದೇ. ಡಾಂಬರಿನಲ್ಲಿ 50, ಮಣ್ಣಿನಲ್ಲಿ 40 ಕಿ.ಮೀ. ಮಿತಿ. ಗೊತ್ತುಮಾಡಿದ ಜಾಗ ಬಿಟ್ಟು ಎಲ್ಲೂ ಇಳಿಯುವಂತಿಲ್ಲ, ಕಿಟಕಿಯಿಂದ ಮೈ ಹೊರಚಾಚುವಂತಿಲ್ಲ. ಆಗಸ್ಟ್‌ನಲ್ಲಿ ಕ್ಯಾಂಪ್ ಗೇಟ್ ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ, ತಡವಾದರೆ ದಂಡ.

ಕ್ಯಾಂಪ್‌ನಲ್ಲಿ ನಿಲ್ಲುವ ಜಾಗಕ್ಕೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಆಯ್ಕೆ. ನೆರಳು ನೋಡಿ ನಿಲ್ಲಿಸುವ ಮುನ್ನ ತಲೆಯೆತ್ತಿ ಕೊಂಬೆ ನೋಡಿ. ಒಬ್ಬರು ಕೆಳಗಿಳಿದು ಹಿಂದೆ ನಿಂತು ಕೈ ತೋರಿಸದೆ ರಿವರ್ಸ್ ಹಾಕಬೇಡಿ. ಛಾವಣಿಯ ಗಾಳಿಕಿಂಡಿಯನ್ನು ತೆರೆದಿಟ್ಟು ಹೋದರೆ ಮಂಗಗಳು ಅಲ್ಲಿಂದಲೇ ಇಳಿಯುತ್ತವೆ. ಅವಕ್ಕೆ ಫ್ರಿಜ್ ತೆರೆಯಲೂ ಬರುತ್ತದೆ.

ದಿನ 5: ಸ್ಕುಕುಜಾ–ಸಟಾರಾ, 93 ಕಿ.ಮೀ.

93 ಕಿ.ಮೀ.ಗೆ ಐದು ಗಂಟೆ ಇಟ್ಟುಕೊಳ್ಳಿ. ಇದು ಅತಿ ಅನಿಸಿದರೆ ನೀವು ಕಾಡು ನೋಡುತ್ತಿಲ್ಲ ಎಂದರ್ಥ. ಮೋಟಾರ್‌ಹೋಮ್‌ನ ಒಂದು ದೊಡ್ಡ ಲಾಭ ಎತ್ತರ: ಕಾರಿನವರಿಗೆ ಹುಲ್ಲು ಕಾಣುವಲ್ಲಿ ನಿಮಗೆ ಹುಲ್ಲಿನಾಚೆಯ ಕಿವಿ ಕಾಣುತ್ತದೆ. ಉತ್ತರಕ್ಕೆ ಹೋದಂತೆ ಕುರುಚಲು ಕಳೆದು ಬಯಲು ತೆರೆಯುತ್ತದೆ. ಜೀಬ್ರಾ, ವೈಲ್ಡ್‌ಬೀಸ್ಟ್, ಜಿರಾಫೆ ಹಿಂಡುಗಳು ಹೆಚ್ಚುತ್ತವೆ, ಅವುಗಳ ಬೆನ್ನಿಗೆ ಸಿಂಹ.

ತ್ಷೋಕ್ವಾನೆಯಲ್ಲಿ ಇಳಿದು ತಿಂಡಿ ತಿನ್ನಬಹುದು, ತಟ್ಟೆಗೆ ಕೈ ಅಡ್ಡ ಇರಲಿ, ಗೊರವಂಕದಂಥ ನೀಲಿ ಹಕ್ಕಿಗಳು ಮೇಜಿಗೇ ಬರುತ್ತವೆ. ಅಲ್ಲಿಂದ ಮುಂದೆ ರಸ್ತೆ ಬಿಟ್ಟು ತುಸು ಒಳಗೆ, ಕ್ರೂಗರ್‌ನ ತೀರಾ ದಕ್ಷಿಣದ್ದೆನ್ನುವ ಬಾವೊಬಾಬ್ ಮರವಿದೆ. ಸವಣೂರಿನ ದೊಡ್ಡಹುಣಸೆ ಮರಗಳನ್ನು ಕಂಡವರು ಕೂಡಲೇ ಗುರುತಿಸುತ್ತಾರೆ, ಅವು ಇದೇ ಜಾತಿಯವು.

ಸಾಲಾಗಿ ಬರುವ ಗಾಡಿಗಳಿಗೆ ನಿಜವಾದ ಅಪಾಯ ಆನೆಯಿಂದ. ಸಿಂಹ ಗಾಡಿಯನ್ನು ಲೆಕ್ಕಿಸದೆ ಮಲಗಿರುತ್ತದೆ. ಆನೆಗೆ ಹಾಗಲ್ಲ, ದಾರಿ ಕಟ್ಟಿದರೆ ಸಿಟ್ಟು ಬರುತ್ತದೆ. ಏಳು ಮೀಟರ್ ಗಾಡಿಗೆ ಹಿಂದಿನ ನೋಟ ಕಡಿಮೆ, ಹಿಂದೆ ಸರಿಯಲು ಸಮಯ ಹೆಚ್ಚು. ಮೊದಲ ಗಾಡಿಗೆ ಆನೆ ಕಂಡಾಗ ಹಿಂದಿನ ನಾಲ್ಕೂ ಹತ್ತಿರ ಬಂದು ನಿಂತುಬಿಟ್ಟರೆ ಮೊದಲನೆಯದಕ್ಕೆ ಹೊರದಾರಿಯೇ ಇಲ್ಲ. ಆದ್ದರಿಂದ ಆನೆ ಕಂಡ ಕೂಡಲೇ ಗೈಡ್ ಹೇಳುವ ಮೊದಲ ಮಾತು ‘ಎಲ್ಲರೂ ಇದ್ದಲ್ಲೇ ನಿಲ್ಲಿ’. ಗಾಡಿಗಳ ನಡುವೆ ಕನಿಷ್ಠ 50 ಮೀಟರ್, ಎಂಜಿನ್ ಚಾಲೂ, ಯಾರೂ ಅಡ್ಡ ನಿಲ್ಲಿಸುವಂತಿಲ್ಲ. ಹಿಂದೆ ಸರಿಯಬೇಕಾದರೆ ಕೊನೆಯ ಗಾಡಿ ಮೊದಲು: ‘ಐದು ಹಿಂದೆ, ನಾಲ್ಕು ಹಿಂದೆ’ ಎಂದು ಒಂದೊಂದಾಗಿ. ಕಿವಿ ಅಗಲಿಸಿ ತಲೆ ಕೊಡವಿ ಎತ್ತರಕ್ಕೆ ನಿಂತರೆ ಅದು ಎಚ್ಚರಿಕೆ. ಕಪೋಲದಿಂದ ಮದ ಸುರಿಯುತ್ತ, ಮೂತ್ರ ತೊಟ್ಟಿಕ್ಕಿ ಹಿಂಗಾಲು ಒದ್ದೆಯಾಗಿರುವ ಗಂಡಾನೆಯಾದರೆ ಎಚ್ಚರಿಕೆಗೆ ಕಾಯದೆ ಮೊದಲೇ ದೂರ ಸರಿಯಿರಿ. ಹಿಂಡು ಅರ್ಧ ದಾಟಿದ್ದಾಗ ನಡುವೆ ತೂರಬೇಡಿ, ಮರಿ ಯಾವ ಬದಿಗಿದೆ ಎಂದು ನಿಮಗೆ ಗೊತ್ತಿರುವುದಿಲ್ಲ. ಹಾರ್ನ್ ಬೇಡವೇ ಬೇಡ.

ದಿನ 6: ಸಟಾರಾದಲ್ಲಿ ಗಾಡಿಗೆ ರಜೆ

ಹತ್ತಿರದ ಎಸ್100 ರಸ್ತೆ ಸಿಂಹಕ್ಕೆ ಹೆಸರಾದದ್ದು, ಆದರೆ ಮಣ್ಣಿನದು. ತಗಡಿನ ಶೀಟಿನಂತೆ ಅಲೆಯಲೆಯಾದ ಮಣ್ಣಿನ ಮೇಲೆ ಮೋಟಾರ್‌ಹೋಮ್ ಓಡಿಸಿದರೆ ಕಪಾಟುಗಳು ತೆರೆದುಕೊಳ್ಳುತ್ತವೆ, ಸ್ಕ್ರೂ ಸಡಿಲವಾಗುತ್ತವೆ, ಎಲ್ಲಕ್ಕಿಂತ ಕೆಟ್ಟದ್ದೆಂದರೆ ಗ್ಯಾಸ್ ಕೊಳವೆಯ ಜೋಡಣೆ ಅಲುಗುತ್ತದೆ. ಉದ್ಯಾನದವರದೇ ತೆರೆದ ಸಫಾರಿ ಲಾರಿಯಲ್ಲಿ ಬೆಳಗಿನ ಸುತ್ತು ಕಾಯ್ದಿರಿಸಿ. ಗೇಟ್ ತೆರೆಯುವ ಮುಂಚೆ ಹೊರಗೆ ಬಿಡುವುದು, ಮುಚ್ಚಿದ ಮೇಲೆ ಒಳಗಿಟ್ಟುಕೊಳ್ಳುವುದು ಆ ಲಾರಿಗಳನ್ನು ಮಾತ್ರ. ಟೋಪಿ, ಮಫ್ಲರ್, ಕೈಗವಸು ಬೇಕೇ ಬೇಕು.

ಮಧ್ಯಾಹ್ನ ಮನೆಗೆಲಸ. ಟಾಯ್ಲೆಟ್ ಪೆಟ್ಟಿಗೆಯನ್ನು ಎರಡು ದಿನಕ್ಕೊಮ್ಮೆ ಖಾಲಿ ಮಾಡಿ. ಅದಕ್ಕೆಂದೇ ಗುರುತಿಸಿದ ಗುಂಡಿ ಎಲ್ಲಿದೆ ಎಂದು ಕ್ಯಾಂಪ್‌ನವರನ್ನು ಕೇಳಿ. ಸಿಕ್ಕ ಕಕ್ಕಸಿಗೆ ಸುರಿದರೆ ನೀಲಿ ರಾಸಾಯನಿಕ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಪಾತ್ರೆ ತೊಳೆದ ನೀರನ್ನೂ ಕಾಡಿನ ರಸ್ತೆಯಲ್ಲಿ ಬಿಡಬಾರದು. ರಾತ್ರಿ ಕಸದ ಚೀಲ ಹೊರಗಿಡಬೇಡಿ, ಇಲ್ಲಿನ ತರಕರಡಿಗಳು ಮುಚ್ಚಳ ಬಿಗಿದ ಡಬ್ಬಿಯನ್ನೂ ಉರುಳಿಸುತ್ತವೆ. ಬೇಲಿಯಾಚೆ ಕತ್ತೆಕಿರುಬ ಬಂದು ನಿಂತು ನೋಡುತ್ತದೆ. ಒಂದು ತುಂಡು ಎಸೆದರೂ ಅದಕ್ಕೆ ಜನರ ಅಂಜಿಕೆ ಹೋಗುತ್ತದೆ, ಆಮೇಲೆ ಗುಂಡಿಗೆ ಬಲಿಯಾಗುವುದು ಅದೇ.

ದಿನ 7–8: ಲೋವರ್ ಸಾಬಿ

ತ್ಷೋಕ್ವಾನೆವರೆಗೆ ಬಂದ ದಾರಿಯಲ್ಲೇ ಮರಳಿ, ಎಚ್10 ರಸ್ತೆ ಹಿಡಿದು ಎನ್ಕುಂಬೆ ದಿಬ್ಬದ ಮೇಲೆ ನಿಂತರೆ ಕೆಳಗಿನ ಬಯಲು ಅಂಗೈಯಷ್ಟು ಸ್ಪಷ್ಟ. ಕೊನೆಗೆ ಸಾಬಿ ನದಿಯ ತಗ್ಗು ಸೇತುವೆ: ಇಕ್ಕಟ್ಟು, ಎದುರಿನವರು ದಾಟುವವರೆಗೆ ಕಾಯಿರಿ.

ಕ್ಯಾಂಪ್ ಪಕ್ಕದ ಸನ್‌ಸೆಟ್ ಡ್ಯಾಮ್‌ಗೆ ಸಂಜೆ ನಾಲ್ಕೂವರೆಗೆ ಹೋಗಿ ಎಂಜಿನ್ ನಿಲ್ಲಿಸಿ ಕೂರಿ. ನೀರಾನೆ, ಮೊಸಳೆ, ಮೀನುಹದ್ದು, ನೀರಿಗಿಳಿಯುವ ಆನೆ ಎಲ್ಲ ಒಂದೇ ಕಣ್ಣಳತೆಯಲ್ಲಿ. ಐದು ನಿಮಿಷಕ್ಕೊಮ್ಮೆ ಜಾಗ ಬದಲಿಸುವವರಿಗಿಂತ ಅಲುಗದೆ ಕೂತವರೇ ಹೆಚ್ಚು ನೋಡುತ್ತಾರೆ. ಎಂಟನೆಯ ಬೆಳಿಗ್ಗೆ ನದಿ ದಂಡೆಯ ಎಚ್4-1 ರಸ್ತೆ, ಚಿರತೆಗಾಗಿ. ನೆಲ ನೋಡಬೇಡಿ, ದಪ್ಪ ಅಡ್ಡಕೊಂಬೆಗಳಿಂದ ಬಾಲ ಇಳಿಬಿದ್ದಿದೆಯೇ ನೋಡಿ. ಜಿಂಕೆಯಂಥ ಇಂಪಾಲಾಗಳೆಲ್ಲ ಒಂದೇ ಕಡೆ ಮುಖ ಮಾಡಿ ಸೀನಿದಂತೆ ಸದ್ದು ಮಾಡುತ್ತಿದ್ದರೆ ಅಲ್ಲೇ ನಿಲ್ಲಿ. ಘೇಂಡಾಮೃಗ ಕಂಡರೆ ಎಲ್ಲಿ ಎಂದು ಯಾವ ಗುಂಪಿಗೂ ಹಾಕಬೇಡಿ, ಕಳ್ಳಬೇಟೆಗಾರರೂ ಓದುತ್ತಾರೆ.

ಇದು ಮಲೇರಿಯಾ ಪ್ರದೇಶ. ಚಳಿಗಾಲದಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ. ಮಾತ್ರೆಯ ವಿಚಾರ ಹೊರಡುವ ಮುಂಚೆ ವೈದ್ಯರ ಬಳಿ ಮುಗಿಸಿ. ಮನೆಗೆ ಮರಳಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ಮೊದಲು ಹೇಳಿ.

ದಿನ 9: ಗಡಿ ದಾಟಿ ಹ್ಲಾನೆಗೆ, ಸುಮಾರು 170 ಕಿ.ಮೀ.

ಕ್ರೊಕಡೈಲ್ ಬ್ರಿಜ್ ಗೇಟ್, ಕೊಮಾಟಿಪೋರ್ಟ್, ಮನಾಂಗಾ ಗಡಿ. ಈ ಗಡಿ ಇಡೀ ದಿನ ರಾತ್ರಿ ತೆರೆದಿರುವುದಿಲ್ಲ, ಮಧ್ಯಾಹ್ನದೊಳಗೆ ದಾಟಿ. ಗಾಡಿಯ ನೋಂದಣಿ ಪ್ರತಿ, ದೇಶ ದಾಟಲು ಬಾಡಿಗೆಯವರು ಕೊಟ್ಟ ಪತ್ರ, ರಸ್ತೆ ತೆರಿಗೆಗೆ ರ‍್ಯಾಂಡ್ ನಗದು ಕೈಯಲ್ಲಿರಲಿ. ದಕ್ಷಿಣ ಆಫ್ರಿಕಾದ ವೀಸಾ ಒಂದೇ ಪ್ರವೇಶದ್ದಾದರೆ ನಾಳೆ ಮರಳಿ ಒಳಗೆ ಬಿಡುವುದಿಲ್ಲ. ಎಸ್ವಾಟಿನಿಯ ವೀಸಾ ವಿಚಾರವನ್ನೂ ಭಾರತದಲ್ಲೇ ಮುಗಿಸಿರಬೇಕು. ಕಾಲುಬಾಯಿ ರೋಗದ ತಡೆಯಿರುವುದರಿಂದ ಹಸಿ ಮಾಂಸ ಒಯ್ಯಬೇಡಿ. ಎಸ್ವಾಟಿನಿಯಲ್ಲಿ ರ‍್ಯಾಂಡ್ ನಡೆಯುತ್ತದೆ, ಅಲ್ಲಿನ ಲಿಲಾಂಗೇನಿಗೂ ಅದಕ್ಕೂ ಒಂದೇ ಬೆಲೆ. ಆಚೆಗೆ ಹೋದ ಮೇಲೆ ಲಿಲಾಂಗೇನಿಯನ್ನು ಯಾರೂ ತೆಗೆದುಕೊಳ್ಳರು, ಖರ್ಚು ಮಾಡಿಯೇ ಹೊರಡಿ.

ಕಬ್ಬಿನ ಗದ್ದೆಗಳ ನಡುವೆ ಒಂದೆರಡು ಗಂಟೆ, ಆಮೇಲೆ ಹ್ಲಾನೆ ರಾಜ ಉದ್ಯಾನದ ಎನ್ಡ್ಲೋವು ಕ್ಯಾಂಪ್. ಎನ್ಡ್ಲೋವು ಎಂದರೆ ಆನೆ. ಕರೆಂಟ್ ಇಲ್ಲ, ಸಂಜೆಗೆ ಸೀಮೆಎಣ್ಣೆ ಲಾಂದ್ರ. ಬ್ಯಾಟರಿಯ ಲೆಕ್ಕ ಇಂದಿಗೇ ಬೇಕಾದದ್ದು: ಮಧ್ಯಾಹ್ನವೇ ಫೋನ್ ಚಾರ್ಜ್ ಮಾಡಿಕೊಳ್ಳಿ, ಫ್ರಿಜ್ ಬಾಗಿಲು ಪದೇ ಪದೇ ತೆರೆಯಬೇಡಿ, ಇನ್ವರ್ಟರ್ ಆರಿಸಿ. ಕ್ಯಾಂಪ್ ಅಂಚಿನ ನೀರಿಗೆ ಘೇಂಡಾಮೃಗಗಳು ಬರುತ್ತವೆ, ಅವು ಉಸಿರು ಬಿಡುವ ಸದ್ದು ಕೇಳುವಷ್ಟು ಹತ್ತಿರಕ್ಕೆ. ಈ ಪ್ರವಾಸದಲ್ಲಿ ಒಂದು ಸಂಜೆ ಹೆಚ್ಚಿಗೆ ಸಿಕ್ಕರೆ ಇಲ್ಲೇ ಕಳೆಯಿರಿ, ಆದರೆ ಬ್ಯಾಟರಿ ತುಂಬಲು ಹಗಲು ಗಾಡಿ ಓಡಿಸಿರಬೇಕು.

ದಿನ 10: ಸೇಂಟ್ ಲೂಸಿಯಾ, ಸುಮಾರು 290 ಕಿ.ಮೀ.

ಲವುಮಿಸಾ ಗಡಿ ದಾಟಿ ಎನ್2ರಲ್ಲಿ ದಕ್ಷಿಣಕ್ಕೆ. ಉದ್ದದ ದಿನ, ಹೇಳಲು ಹೆಚ್ಚಿಲ್ಲ. ಹ್ಲುಹ್ಲುವೆ ಸುತ್ತಿನ ಚಿಕ್ಕ ಅನಾನಸ್ ತಪ್ಪದೆ ಕೊಳ್ಳಿ. ರಸ್ತೆಬದಿ ‘ಅಮಾಡುಂಬೆ’ ಎಂದು ಮಾರುವುದು ನಮ್ಮ ಕೆಸವಿನ ಗಡ್ಡೆ. ಹುಣಸೆಹುಳಿ ಇದ್ದವರಿಗೆ ಅಂದಿನ ಸಾಂಬಾರಿನ ಚಿಂತೆ ತೀರಿತು.

ದಿನ 11: ಅಳಿವೆ

1999ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಇಸಿಮಂಗಲಿಸೊ ಜೌಗುನಾಡು ಇದು. ಎರಡು ಗಂಟೆಯ ದೋಣಿ ಸುತ್ತಿನಲ್ಲಿ ನೀರಾನೆ ಹಿಂಡುಗಳು ಖಂಡಿತ ಎನ್ನುವಷ್ಟು ಸಿಗುತ್ತವೆ. ಅವು ರಾತ್ರಿ ನೀರು ಬಿಟ್ಟು ಊರೊಳಗೇ ಮೇಯುತ್ತವೆ, ಕ್ಯಾಂಪ್‌ನ ಹುಲ್ಲಿಗೂ ಬರುತ್ತವೆ. ಕತ್ತಲಾದ ಮೇಲೆ ಹೋಟೆಲಿನಿಂದ ನಡೆದು ಬರಬೇಡಿ. ರಾತ್ರಿ ಶೌಚಕ್ಕೆ ಗಾಡಿಯ ಟಾಯ್ಲೆಟ್ಟನ್ನೇ ಬಳಸಿ. ಬಾಗಿಲು ತೆರೆಯುವ ಮುನ್ನ ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಿ. ನೀರಾನೆಗೂ ನೀರಿಗೂ ನಡುವೆ ನಿಂತವರಿಗೆ ಓಡಿ ಗೆಲ್ಲಲಾಗದು.

ದಿನ 12: ಹ್ಲುಹ್ಲುವೆ–ಇಮ್ಫೊಲೊಜಿ

ಒಳರಸ್ತೆಗಳು ಕಡಿದಾಗಿವೆ, ಆದ್ದರಿಂದ ಬೆಳಗಿನ ಜಾವ ಐದಕ್ಕೆ ಮೊದಲೇ ತೆರೆದ ಜೀಪ್‌ನಲ್ಲಿ ಹೊರಡುವುದು. 1895ರಲ್ಲಿ ಮೀಸಲಾದ ಈ ಕಾಡಿಗೆ ಪ್ರವಾಸದ ಕೊನೆಯಲ್ಲಿ ಬರುವುದೇ ಸರಿ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ದಕ್ಷಿಣದ ಬಿಳಿ ಘೇಂಡಾಮೃಗಗಳಲ್ಲಿ ಉಳಿದಿದ್ದವು ನೂರಕ್ಕಿಂತ ಕಡಿಮೆ, ಅವೂ ಇಮ್ಫೊಲೊಜಿ ನದಿಗಳ ಸುತ್ತಲೇ. ಕ್ರೂಗರ್‌ನಲ್ಲಿ ಒಂದೂ ಇರಲಿಲ್ಲ. 1960ರ ದಶಕದಲ್ಲಿ ಇಲ್ಲಿನ ಅರಣ್ಯಾಧಿಕಾರಿ ಇಯಾನ್ ಪ್ಲೇಯರ್ ಮತ್ತವರ ಸಂಗಡಿಗರು ಮತ್ತಿನ ಚುಚ್ಚುಮದ್ದು ಹಾರಿಸಿ, ಹಿಡಿದು, ಲಾರಿಯಲ್ಲಿ ಹೇರಿ ಬೇರೆ ಕಾಡುಗಳಿಗೆ ಕಳಿಸಿದರು. 1961ರಿಂದ ಕ್ರೂಗರ್‌ಗೆ ಮರಳಿದವು ಇಲ್ಲಿಂದ ಹೋದವೇ, ಎಸ್ವಾಟಿನಿಗೂ ಇಲ್ಲಿಂದಲೇ. ಹ್ಲಾನೆಯ ನೀರಿನ ಬಳಿ ಮೂರು ದಿನದ ಹಿಂದೆ ಉಸಿರು ಕೇಳಿಸಿದ ಪ್ರಾಣಿಯ ಅಜ್ಜ ಅಜ್ಜಿಯರ ಊರು ಇದು.

ದಿನ 13: ಡರ್ಬನ್, ಸುಮಾರು 225 ಕಿ.ಮೀ.

ಕ್ಯಾಂಪ್ ಬಿಡುವಾಗಲೇ ಟಾಯ್ಲೆಟ್ ಪೆಟ್ಟಿಗೆ, ಬಳಸಿದ ನೀರಿನ ಟ್ಯಾಂಕ್ ಖಾಲಿ ಮಾಡಿ, ಡರ್ಬನ್‌ನಲ್ಲಿ ಜಾಗ ಹುಡುಕಬೇಡಿ. ಟ್ಯಾಂಕ್ ತುಂಬಿಸಿದ ಡೀಸೆಲ್ ರಸೀತಿ ಇಟ್ಟುಕೊಳ್ಳಿ, ಮೊದಲ ದಿನದ ಫೋಟೋಗಳನ್ನು ಅದೇ ಕೋನದಲ್ಲಿ ಮತ್ತೆ ತೆಗೆಯಿರಿ. 1860ರ ನವೆಂಬರ್ 16ರಂದು ಮದರಾಸಿನಿಂದ ಬಂದ ಟ್ರೂರೋ ಹಡಗು ಮೊದಲ ಕರಾರು ಕೂಲಿಗಳನ್ನು ಇಳಿಸಿದ್ದು ಈ ಬಂದರಿನಲ್ಲಿ. ಹಾಗಾಗಿ ಹನ್ನೆರಡು ದಿನ ಕಾಣದ ಕರಿಬೇವು ಇಲ್ಲಿನ ಪೇಟೆಯಲ್ಲಿ ಕಂತೆ ಕಂತೆಯಾಗಿ ಸಿಗುತ್ತದೆ. ಗಾಡಿ ಮರಳಿಸುವ ಹೊತ್ತು ಮೂರು ಗಂಟೆ ಎಂದಿದ್ದರೆ ಎರಡಕ್ಕೇ ತಲುಪಿ, ಪರೀಕ್ಷೆಗೆ ಒಂದು ಗಂಟೆ ಬೇಕು. ಕೀ ಕೊಡುವ ಮುಂಚೆ ಮೂರು ಜಾಗ ತೆರೆದು ನೋಡಿ: ಫ್ರಿಜ್‌ನ ಮೇಲಿನ ಗೂಡು, ಚಾಲಕನ ಸೀಟಿನ ತಳ, ಹಾಸಿಗೆ ಮತ್ತು ಗೋಡೆಯ ನಡುವಿನ ಸಂದು. ಪಾಸ್‌ಪೋರ್ಟ್, ಚಾರ್ಜರ್, ದುರ್ಬೀನು ಉಳಿದುಹೋಗುವುದು ಅಲ್ಲೇ.